ಪಾಚಿ ಒಲೆಯ ನೀಲಿ ಉರಿ

ಪಾಚಿ ಸೋಸುವವರ ಬೆರಳಲ್ಲಿ ಚರ್ಮ ನಿಲ್ಲುವುದಿಲ್ಲ. ದಿನವಿಡೀ ಮೊಣಕಾಲುದ್ದ ಹಸಿರು ನೀರಿನಲ್ಲಿ ನಿಂತು ಬಟ್ಟೆ ಹಿಡಿಯಬೇಕು. ಸೋಸಿದ್ದನ್ನು ಗಾಳಿಯಾಡದ ತೊಟ್ಟಿಗೆ ಸುರಿಯಬೇಕು. ಅದು ಒಳಗೆ ಕೊಳೆತು ಗ್ಯಾಸ್ ಆಗುತ್ತದೆ, ಊರಿನ ಒಲೆಗಳೆಲ್ಲ ಅದರಲ್ಲೇ ಉರಿಯುತ್ತವೆ ಎಂದು ಗ್ಯಾಸ್ ಯೋಜನೆಯ ಹೆಂದ್ರವಾನ್ ಸಾಹೇಬರು ಹೇಳಿದ್ದರು. ಆ ಮಾತು ನಂಬಿ ಸರಿಂತೆನ್ ದೊಡ್ಡವ್ವ ತನ್ನ ಲೆಲೆ ಮೀನಿನ ಹೊಂಡ ಬಿಟ್ಟುಕೊಟ್ಟಳು. ಈಗ ಅದೇ ಹೊಂಡದಲ್ಲಿ ಕೂಲಿಗೆ ಪಾಚಿ ಸೋಸುತ್ತಾಳೆ. ತೊಟ್ಟಿ ನೋಡಿಕೊಳ್ಳುವವನು ನಾನು, ಪೊನಿಮನ್. ತಾಯಿಯಿಲ್ಲದ ನನಗೆ ಅನ್ನ ಇಟ್ಟು ಸಾಕಿದವಳು ಅವಳೇ.

ಬರೀ ಪಾಚಿ ತಿನ್ನಿಸಿದರೆ ತೊಟ್ಟಿಯ ಹೊಟ್ಟೆ ಕೆಡುತ್ತದೆ. ಒಣಹುಲ್ಲನ್ನೋ ಸಗಣಿಯನ್ನೋ ಬೆರೆಸಬೇಕು. ನಾವು ಕದ್ದು ಬೆರೆಸುವಾಗ ಉರಿ ಚೆನ್ನಾಗಿಯೇ ಬರುತ್ತಿತ್ತು. ಸಾಹೇಬರಿಗೆ ಗೊತ್ತಾಯಿತು.

"ವರದೀಲಿ ಬರೀ ಪಾಚಿ ಅಂತ ಬರ್ದಿದೀನಿ ಕಣಯ್ಯಾ. ಸಗಣಿ ಗ್ಯಾಸ್ ನೋಡೋಕೆ ಜಕಾರ್ತದಿಂದ ಯಾರು ಬರ್ತಾರೆ?"

ಸಗಣಿ ನಿಂತಿತು. ಹದಿನೈದು ದಿನಕ್ಕೆ ತೊಟ್ಟಿಯಿಂದ ಉಚ್ಚೆಯ ನಾತ ಹೊಡೆಯತೊಡಗಿತು. ಗ್ಯಾಸ್ ನಿಂತೇಹೋಯಿತು.

ಅಷ್ಟರಲ್ಲಿ ಜಕಾರ್ತದ ಅತಿಥಿಗಳು ಬರುವ ದಿನ ಬಂತು. ಉರಿ ಕಂಡರೆ ಇನ್ನೂ ಹನ್ನೆರಡು ಮನೆಯವರು ಹೊಂಡ ಬಿಟ್ಟುಕೊಟ್ಟು ರುಜು ಹಾಕಲು ಒಪ್ಪಿದ್ದರು. ಸಾಹೇಬರು ಅಂಗಡಿಯಿಂದ ಅಡುಗೆ ಗ್ಯಾಸಿನ ಪುಟ್ಟ ಹಸಿರು ಸಿಲಿಂಡರ್ ತಂದು ನನ್ನ ಕೈಗಿಟ್ಟರು.

"ಗೋಡೆ ಹಿಂದೆ ಇಟ್ಟು ಪೈಪಿಗೆ ಜೋಡಿಸು. ನಿನ್ನ ಕೆಲಸ ಕಾಯಂ."

ಜೋಡಿಸಿದೆ. ಈ ಕೈಯಾರೆ ಜೋಡಿಸಿದೆ.

ಒಲೆ ಹಚ್ಚಿದ್ದು ದೊಡ್ಡವ್ವ. ನೀಲಿ ಉರಿ ಎದ್ದಿತು. ಚಪ್ಪಾಳೆ ಬಿತ್ತು. ಅವಳು ಸೋಯಾಕಾಳಿನ ತೆಂಪೆ ಕರಿಯುತ್ತ ನನ್ನತ್ತ ತಿರುಗಿದಳು.

"ಏನ್ಲಾ ಪೊನಿಮನ್, ನೆನ್ನೆಗಂಟ ಸತ್ತು ಬಿದ್ದಿತ್ತಲ್ಲ ತೊಟ್ಟಿ? ಇದು ಪಾಚಿದೇನಾ?"

ಸಾಹೇಬರು ನನ್ನನ್ನೇ ನೋಡುತ್ತಿದ್ದರು.

"ಹೂಂ ದೊಡ್ಡವ್ವ, ಪಾಚಿದೇ."

"ಕೇಳುದ್ರಾ? ಸಾಹೇಬ್ರ ಮಾತು ಅಂಗಿರ್ಲಿ, ನಮ್ಮ ಹೈದ ಹೇಳ್ತಾವ್ನೆ. ಹಾಕ್ರಪ್ಪಾ ರುಜುವ!"

ನೆಲ ಬಾಯಿಬಿಡಬಾರದೇ ಎನಿಸಿತು. ಮೊದಲ ಮನೆಯವರು ರುಜು ಹಾಕಿದರು. ಎರಡನೆಯವರು ಹಾಕಿದರು. ಮೂರನೆಯವರೂ ಹಾಕಿದರು. ನಾಲ್ಕನೆಯವನು ಪೆನ್ನು ಹಿಡಿದಾಗ ನನಗೆ ತಡೆಯಲಾಗಲಿಲ್ಲ. ಗೋಡೆಯ ಹಿಂದೆ ಹೋಗಿ ಸಿಲಿಂಡರ್ ಕಿತ್ತು ತಂದು ಎಲ್ಲರ ನಡುವೆ ಕುಕ್ಕಿದೆ. ಒಲೆ ಆರಿತು. ಸರ್ಕಾರ ಅದರ ಮೇಲೆ ಅಚ್ಚು ಹಾಕಿಸಿದ ಅಕ್ಷರ ಎಲ್ಲರಿಗೂ ಕಂಡಿತು: ಬಡವರಿಗೆ ಮಾತ್ರ.

"ಉಂಡ ಮನೆಗೆ ಎರಡು ಬಗೆದ್ಯಲ್ಲೋ!" ಸಾಹೇಬರು ಕಿರುಚಿದರು.

ದೊಡ್ಡವ್ವ ಬಾಣಲೆ ಇಳಿಸಿದಳು. "ಅವ್ನು ಉಂಡಿದ್ದು ನಮ್ಮನೇಲಿ ಕಣ್ ಸ್ವಾಮಿ. ಬಗೆದಿದ್ದೂ ನಮಗೇಯ."

ಒಂಬತ್ತು ಹೊಂಡ ಉಳಿದವು. ರುಜು ಬಿದ್ದ ಮೂರು ಕಾಗದ ಸಾಹೇಬರ ಚೀಲದಲ್ಲಿ ಹೋದವು. ಕೆಲವರು ನನಗೆ ಭೇಷ್ ಎಂದರು. ಆದರೆ ಮೂರು ಮನೆ ಮುಳುಗುವವರೆಗೆ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಮಾರನೆಯ ಬೆಳಿಗ್ಗೆ ಕಾಗದ ವಾಪಸು ಕೇಳಲು ಊರೇ ಸಾಹೇಬರ ಆಫೀಸಿಗೆ ಹೊರಟಿತು. ನಾನು ಹಿಂದೆ ಹಿಂದೆ ಉಳಿದೆ. ದೊಡ್ಡವ್ವ ಬಂದು ರಟ್ಟೆ ಹಿಡಿದು ಎಳೆದಳು.

"ತಲೆ ತಗ್ಗಿಸ್ಕೊಂಡೇ ಬಾ. ಆದ್ರೆ ಮುಂದ್ಗಡೆ ಬಾ."