ಆಲ್ಟರ್ ಮಾಡಲು ಕೊಟ್ಟ ರವಿಕೆ

"ಬಟ್ಟಿ ಚೇಂಜ್ ಮಾಡಿಕೊಡಲಾಗುವುದು ಅಂತ ಯಾಕ ಬರಸೀಯ ಭಾಗ್ಯಾ? ಯಾರರ ಹಳೇ ಸೀರಿ ತಂದು ಹೊಸಾದು ಕೊಡು ಅಂದಾರು!"

ಕಂಟೋನ್ಮೆಂಟಿನ ಆ ಪುಟ್ಟ ಹೊಲಿಗೆಯಂಗಡಿಯ ಬೋರ್ಡು ಓದಿ ಲಕ್ಷ್ಮೀಬಾಯಿ ನಗುತ್ತಲೇ ಒಳಗೆ ಬಂದರು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವರು, ತಪ್ಪು ಕಂಡರೆ ಬಿಡುವ ಜೀವವಲ್ಲ. "ನೀ ಮಾಡೋದು ಆಲ್ಟರ್. ಚೇಂಜ್ ಅಂದ್ರ ಇದನ್ನ ಬಿಟ್ಟು ಇನ್ನೊಂದು ತರೋದೂ ಆಗ್ತದ. ಆಲ್ಟರ್ ಅಂದ್ರ ಹಂಗಲ್ಲ. ವಸ್ತು ಅದೇ ಇರಬೇಕು, ಒಂಚೂರು ತಿದ್ದಬೇಕು. ಪ್ಯಾಂಟ್ ಆಲ್ಟರ್ ಮಾಡ್ತಾರ, ಮನಿ ಕಟ್ಟೋ ಪ್ಲಾನ್ ಆಲ್ಟರ್ ಮಾಡ್ತಾರ. ಗಂಡನ್ನ ಮಾತ್ರ ಎರಡೂ ಮಾಡ್ಲಿಕ್ಕೆ ಆಗಂಗಿಲ್ಲ, ನೋಡು!"

ಭಾಗ್ಯ ನಗಲು ಹೋದಳು. ತುಟಿ ಅಲ್ಲಾಡಿತು, ನಗು ಬರಲಿಲ್ಲ. ತೊಡೆಯ ಮೇಲೆ ಪೇಪರು ಮುಚ್ಚಿಟ್ಟ ರೇಷ್ಮೆ ರವಿಕೆಯಿತ್ತು. ಲಕ್ಷ್ಮೀಬಾಯಿಯ ತೀರಿಹೋದ ತಾಯಿಯದು. ಇವತ್ತಿನ ತನ್ನ ನಿಶ್ಚಿತಾರ್ಥಕ್ಕೆ ಅದನ್ನೇ ತೊಡಬೇಕೆಂದು ಅವರ ಮಗಳು ಶ್ರೀಕೃತಿ ಹಟ ಹಿಡಿದಿದ್ದಳು. ಎರಡು ಬೆರಳು ಸಡಿಲ ಮಾಡಿದರೆ ಸಾಕಿತ್ತು. ಹಳೇ ಕಾಲದ ದರ್ಜಿ, ಮುಂದೆ ಬೇಕಾದೀತೆಂದು ಪಕ್ಕದ ಹೊಲಿಗೆಯೊಳಗೆ ಹೆಚ್ಚಿನ ಬಟ್ಟೆ ಬಿಟ್ಟಿದ್ದ.

ಆದರೆ ಕುರುಗೋಡಿನಿಂದ ದಿನಾ ಬಸ್ಸಿಗೆ ಬಂದು ಒಂಬತ್ತು ವರ್ಷ ಜೀನ್ಸ್ ಯೂನಿಟ್ಟಿನಲ್ಲಿ ದುಡಿದ ಕೈ ಇದು. ಅಲ್ಲಿ ಎಳೆ ಬಿಟ್ಟ ಅಂಚು ಕಂಡರೆ ಬೈಗುಳ. ಬೆಳಿಗ್ಗೆ ರವಿಕೆಯ ಹೊಲಿಗೆ ಬಿಚ್ಚಿದಳು, ಎಳೆ ಕಂಡಿತು, ಕೈ ತಾನಾಗಿ ಅಂಚು ಕತ್ತರಿಸಿ ಹೊಲಿಯುವ ಓವರ್‌ಲಾಕ್ ಮಷೀನಿಗೆ ಹೋಯಿತು. ಅದರ ಅಲಗು ಒಳಗೆ ಬಿಟ್ಟಿದ್ದ ಬಟ್ಟೆಯನ್ನೆಲ್ಲ ಸರ್ರನೆ ಕತ್ತರಿಸಿ ಉದುರಿಸಿತು.

"ಕೊಡಮ್ಮಾ, ಸಿರುಗುಪ್ಪದ ಬೀಗರು ಐದಕ್ಕ ಬರ್ತಾರ."

ಒಳಗೆ ಬಟ್ಟೆ ಮೊದಲೇ ಇರಲಿಲ್ಲ ಅಂದುಬಿಡಲೇ? ಅಂಗಡಿ ಹಾಕಿ ಇಪ್ಪತ್ತು ದಿನ. ಈ ಓಣಿಯಲ್ಲಿ ಟೀಚರಮ್ಮ ಒಂದು ಮಾತು ಅಂದರೆ ಸಾಕು, ಮತ್ತೆ ಯೂನಿಟ್ಟೇ ಗತಿ.

"ಟೀಚರಮ್ಮಾರ... ನನ್ ಕೈಲಿ ತಪ್ಪಾಗೇತ್ರಿ." ಪೇಪರು ಸರಿಸಿ ಎಲ್ಲ ಹೇಳಿದಳು.

ಲಕ್ಷ್ಮೀಬಾಯಿ ರವಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೈದುಬಿಟ್ಟಿದ್ದರೇ ಚೆನ್ನಾಗಿತ್ತು ಅನಿಸಿತು ಭಾಗ್ಯಳಿಗೆ.

"ತೋಳು ಮೊಣಕೈ ತನಕ ಅದಾವ್ರಿ. ಅದರ ತುದಿಯಾಗ ಎರಡು ಬೆರಳು ಬಟ್ಟಿ ತಗದು ಕಂಕುಳ ಕೆಳಗ ಕೂಡಿಸ್ತೀನ್ರಿ. ಸೆರಗಿನಾಗ ಕಾಣಂಗಿಲ್ಲ."

"ತೋಳಿನ ಜರಿ ಅಂಚು ನಮ್ಮಮ್ಮ ಕೈಲೆ ಹಚ್ಚಿದ್ದು."

"ಬಿಚ್ಚಿ ಮತ್ತ ಅದನ್ನ ಹಚ್ಚತೀನ್ರಿ, ಕೈಲೇ. ಆದರ ಎರಡು ತೋಳು... ಐದರೊಳಗ ಆಗತೈತಿ ಅಂತ ಆಣಿ ಮಾಡಿ ಹೇಳಾಕ ಬರಂಗಿಲ್ರಿ."

"ಹೊತ್ತು ಎಷ್ಟಾತು?"

"ಎರಡೂವರಿ ಆಗೇತ್ರಿ."

ಲಕ್ಷ್ಮೀಬಾಯಿ ಕನ್ನಡಕ ಹಾಕಿಕೊಂಡು, ಸ್ಟೂಲನ್ನು ಬಾಗಿಲ ಬೆಳಕಿಗೆ ಎಳೆದು ಕುಳಿತರು. ಮಷೀನಿನ ಮೇಲಿದ್ದ ಬ್ಲೇಡು ಎತ್ತಿಕೊಂಡು, ಎಡದೋಳಿನ ಅಂಚಿನ ಮೊದಲ ಹೊಲಿಗೆಯನ್ನು ತಾವೇ ಬಿಚ್ಚಿದರು.