ಪದ ಅಳಿಸಿದ ಚುಕ್ಕೆ

ಟಿಕ್.

ಕಡ್ಡಿ ಮುರಿದಷ್ಟೇ ಸದ್ದು. ರಾತ್ರಿ ಎರಡು ಗಂಟೆಯ ವಾರ್ಡಿನಲ್ಲಿ ಅದು ಕೇಳಿಸಿದ್ದು ಮೂಲೆಯ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂತವಳಿಗೆ ಮಾತ್ರ. ರೋಗಿಗೆ ಔಷಧಿ ಹನಿಸುವ ಹೊಸ ಪಂಪಿನ ಪರದೆಯನ್ನು ರೂಪಿಸಿದವಳು ಅವಳು. ಪ್ರಯೋಗಕ್ಕೆಂದು ನಾಲ್ಕು ಪಂಪು ಈ ವಾರ್ಡಿಗೆ ಬಂದಿದ್ದವು. ನರ್ಸುಗಳ ಕಣ್ಣು ಪರದೆಯ ಮೇಲೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ಬರೆದುಕೊಳ್ಳುವುದು ಅವಳ ಕೆಲಸ. ಈ ರಾತ್ರಿಯ ನರ್ಸ್ ಅವಳ ಒಡಹುಟ್ಟಿದ ಅಣ್ಣ.

ಆರನೇ ಹಾಸಿಗೆಯ ಅಜ್ಜಿಯ ಮೊಣಕೈ ಕೆಳಗೆ ನಳಿಕೆ ಸಿಕ್ಕಿ ಪಂಪು ಟಿಕ್ ಎಂದು ನಿಂತಿತ್ತು. ಪರದೆಯ ಮೇಲಿನ ಹಸಿರು ಚುಕ್ಕೆ ಕೆಂಪಾಯಿತು. ಎಚ್ಚರಿಕೆಯ ಗಂಟೆ ಬಾರಿಸಲು ಇನ್ನೂ ಎರಡು ನಿಮಿಷ; ಅಷ್ಟರೊಳಗೆ ನರ್ಸಿನ ಕಣ್ಣಿಗೇ ಗೊತ್ತಾಗಬೇಕು, ಮಲಗಿದವರ ನಿದ್ದೆ ಕೆಡಬಾರದು ಎಂಬುದು ಅವಳದೇ ಯೋಚನೆ. ಮೊದಲು ಚುಕ್ಕೆಯ ಪಕ್ಕ ‘ಓಡುತ್ತಿದೆ’, ‘ನಿಂತಿದೆ’ ಎಂಬ ಪದಗಳಿದ್ದವು. “ಓದೋಕೆ ಮುಂಚೇನೇ ಕಣ್ಣು ಬಣ್ಣ ಹಿಡಿಯುತ್ತೆ, ಪದ ಯಾಕೆ ದಂಡಕ್ಕೆ?” ಎಂದು ಮೀಟಿಂಗಿನಲ್ಲಿ ಜಂಬದಿಂದ ಹೇಳಿ ತೆಗೆಸಿದವಳೂ ಅವಳೇ.

ಅಣ್ಣ ಬಂದ. ಪರದೆಯನ್ನು ನೆಟ್ಟಗೆ ನೋಡಿದ. ಚಾರ್ಟಿನಲ್ಲಿ ಗುರುತು ಹಾಕಿ ಏಳನೇ ಹಾಸಿಗೆಗೆ ಹೋದ.

ಅವಳು ಸ್ಟೂಲಿನಿಂದ ಎದ್ದಳು. ಅಜ್ಜಿಯ ರಕ್ತದೊತ್ತಡವನ್ನು ಹಿಡಿದಿಟ್ಟಿರುವುದೇ ಆ ಔಷಧಿ ಎಂದು ಸಂಜೆ ಹೇಳಿದ್ದವನು ಅವನೇ.

“ಅಣ್ಣಾ, ಆರು ನಿಂತಿದೆ.”

“ಈಗ ತಾನೇ ನೋಡಿದೆನಲ್ಲೇ ಗುಬ್ಬಿ, ಓಡ್ತಿದೆ. ನಿದ್ದೆಗಣ್ಣಲ್ಲಿ ಪಂಪಿಗೂ ದೃಷ್ಟಿ ಹಾಕ್ತೀಯಲ್ಲ.”

“ಕೆಂಪಿದೆ ಅಣ್ಣಾ.”

ಅವನ ನಗು ಅಲ್ಲೇ ಇಂಗಿತು. ಎರಡೇ ಹೆಜ್ಜೆಗೆ ಬಂದು ನಳಿಕೆ ಬಿಡಿಸಿದ, ಪಂಪು ಚಾಲೂ ಮಾಡಿದ, ರಕ್ತದೊತ್ತಡ ನೋಡಿದ. ಸರಿಯಾಗಿತ್ತು. ಅಜ್ಜಿ ಕಣ್ಣೂ ತೆರೆಯದೆ, “ಎಂಥದಪ್ಪ ನಿಂದು, ಕಣ್ಣು ಮುಚ್ಚೋಕೂ ಬಿಡಲ್ಲ” ಎಂದು ಗೊಣಗಿದರು.

ಔಷಧಿ ಕೋಣೆಯಲ್ಲಿ ಅವನು ಕೈ ತೊಳೆಯುತ್ತಲೇ ಇದ್ದ.

“ಬೇರೆ ಎಲ್ಲ ಯಂತ್ರದಲ್ಲೂ ಅಕ್ಷರ ಇರುತ್ತೆ ಕಣೇ. ಹನ್ನೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ. ನಿನ್ನದರಲ್ಲಿ ಮಾತ್ರ ಬರೀ ಬಣ್ಣ. ಕೆಂಪು, ಹಸಿರು ಎರಡೂ ನನ್ನ ಕಣ್ಣಿಗೆ ಒಂದೇ ಮಣ್ಣು ಬಣ್ಣ.”

“ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು?”

“ಹೇಳಿ, ನಾಳೆಯಿಂದ ಮನೇಲಿ ಕೂತು ನೊಣ ಹೊಡೀಲಾ?” ಆಮೇಲೆ ಮೆತ್ತಗೆ, “ನಿಂಗೆ ಗೊತ್ತಿತ್ತಲ್ಲೇ. ಬಳಪದ ಮೇಲೆ ಬರೆದುಕೊಟ್ಟಿದ್ದು ನೀನೇ ಅಲ್ವಾ?”

ಅವಳಿಗೆ ಆಗ ಆರು ವರ್ಷ. ಅಣ್ಣ ಕಂದು ಬಣ್ಣದ ಎಲೆ ಬರೆದಿದ್ದಕ್ಕೆ ತರಗತಿಯೆಲ್ಲ ನಕ್ಕಿತ್ತು. ಅಂದು ಸಂಜೆ ಮಂಚದ ಕೆಳಗೆ ಕೂತು, ಒಂದೊಂದು ಬಣ್ಣದ ಬಳಪದ ಕಾಗದದ ಮೇಲೂ ‘ಕೆಂಪು’, ‘ಹಸಿರು’ ಎಂದು ಸೊಟ್ಟ ಅಕ್ಷರದಲ್ಲಿ ಬರೆದುಕೊಟ್ಟಿದ್ದಳು. ಅಮ್ಮನಿಗೂ ಹೇಳಿರಲಿಲ್ಲ. ಆಮೇಲೆ ತಾನೇ ಮರೆತಿದ್ದಳು.

“ನಾಲ್ಕೂ ಬಿಚ್ಚು. ಹಳೇ ಪಂಪು ಹಾಕು. ಪ್ರಯೋಗ ನಿಲ್ಲಿಸೋ ಅಧಿಕಾರ ನನಗಿದೆ” ಎಂದಳು.

ಬಿಚ್ಚಿ ಹಾಕುವವರೆಗೂ ಪಕ್ಕದಲ್ಲೇ ನಿಂತಳು. ಆಮೇಲೆ ಬರೆದಳು: ಬಣ್ಣವೊಂದನ್ನೇ ನೆಚ್ಚಿದ್ದು ತಪ್ಪು, ತಪ್ಪು ನನ್ನದು. ಓಡುವಾಗ ಬಾಣ, ನಿಂತಾಗ ಚೌಕ, ಪಕ್ಕದಲ್ಲಿ ಪದ.

ಕೆಳಗೆ ಇನ್ನೊಂದು ಅಂಕಣ ಖಾಲಿ ಇತ್ತು: ಗಮನಿಸದೆ ಹೋದ ನರ್ಸಿನ ಹೆಸರು. ಪೆನ್ನು ಅಲ್ಲೇ ನಿಂತಿತು. ನಾಳೆ ಇಂಥದೇ ಇನ್ನೊಂದು ಯಂತ್ರ ಬಂದು, ಆ ಸ್ಟೂಲಿನ ಮೇಲೆ ತಾನು ಇರದಿದ್ದರೆ?

“ಹೊಸ ಯಂತ್ರ ಯಾವುದೇ ಬರಲಿ, ಮುಟ್ಟೋಕೆ ಮುಂಚೆ ನನಗೆ ಫೋನ್ ಮಾಡಬೇಕು.”

“ಮಾಡ್ತೀನಿ.”

“ಆಣೆ?”

“ಬಳಪದಾಣೆ.”

ಅವಳಿಗೆ ನಗು ಬರಲಿಲ್ಲ. ಖಾಲಿ ಅಂಕಣಕ್ಕೆ ಅಡ್ಡಗೆರೆ ಎಳೆದಳು. ಆಫೀಸಿಗೂ ಇಲ್ಲ, ಅತ್ತಿಗೆಗೂ ಇಲ್ಲ, ಅಮ್ಮನಿಗಂತೂ ಇಲ್ಲವೇ ಇಲ್ಲ, ಅಣ್ಣನ ಕಣ್ಣಿನ ವಿಷಯ ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿ ನೋಟ್‌ಬುಕ್ ಮುಚ್ಚಿದಳು. ಆದರೂ ಬೆಳಗಾಗುವವರೆಗೆ ಅವಳ ಕಿವಿ ಆರನೇ ಹಾಸಿಗೆಯ ಕಡೆಗೇ ಇತ್ತು.