ಸಣ್ಣ ಅಕ್ಷರದ ಸಾಲು

ನಮ್ಮ ಕನ್ನಡಕದ ಅಂಗಡಿಯಲ್ಲಿ ಮೂವರಿದ್ದೇವೆ. ಒಳಕೋಣೆಯಲ್ಲಿ ಕಣ್ಣು ಪರೀಕ್ಷಿಸುವವಳು ನಾನು. ಕಾಲೇಜಿನಲ್ಲಿ ಓದಿದ್ದೂ ಅದನ್ನೇ. ಲೆನ್ಸ್ ಉಜ್ಜಿ ಅಳತೆಗೆ ತರುವವರು ಅಪ್ಪ. ಅದನ್ನು ಫ್ರೇಮಿಗೆ ಕೂರಿಸಿ, ಗಿರಾಕಿಯ ಕಿವಿಯ ಹಿಂದೆ ಎಲ್ಲಿ ಒತ್ತುತ್ತದೆಂದು ನೋಡಿ ಕಡ್ಡಿ ಬಗ್ಗಿಸುವವರು ಚಿಕ್ಕಪ್ಪ. ಅಪ್ಪ ಸರ್ಕಾರದ ಕಡೆ, ಚಿಕ್ಕಪ್ಪ ವಿರೋಧ ಪಕ್ಷದ ಕಡೆ. ಬೆಳಿಗ್ಗೆ ಷಟರ್ ಎತ್ತುವಾಗ ಶುರುವಾದ ವಾದ ಸಂಜೆ ಅದನ್ನು ಇಳಿಸುವವರೆಗೂ ನಡೆಯುತ್ತದೆ. ಮಧ್ಯಾಹ್ನ ಮಾತ್ರ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ತಿನ್ನುತ್ತಾರೆ. ಬಾಯಿ ತುಂಬಿರುವುದರಿಂದ ಹತ್ತು ನಿಮಿಷ ದೇಶಕ್ಕೆ ವಿಶ್ರಾಂತಿ.

ಚುನಾವಣೆ ಹತ್ತಿರ ಬಂದಾಗಲೇ ನಮ್ಮ ಓದುವ ಕಾರ್ಡು ಹರಿದುಹೋಯಿತು. ಹತ್ತಿರದ ನೋಟ ಪರೀಕ್ಷಿಸಲು ಕೈಗೆ ಕೊಡುವ ರಟ್ಟು ಅದು. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದು. ಕೊನೆಯ ಸಾಲನ್ನು ಯಾವ ಲೆನ್ಸಿನಲ್ಲಿ ಓದುತ್ತಾರೋ ಆ ಪವರ್ ಬರೆದುಕೊಳ್ಳುತ್ತೇವೆ. ಹೊಸದು ತರಿಸುವಷ್ಟು ತಾಳ್ಮೆ ಅಪ್ಪನಿಗಿರಲಿಲ್ಲ. ತಮ್ಮ ಫೋನಿಗೆ ಬಂದಿದ್ದ ಒಂದು ಬರಹವನ್ನೇ ಪ್ರಿಂಟ್ ಹಾಕಿಸಿದರು: ‘ದೇಶ ಎದ್ದು ನಿಂತಿದೆ, ಜಗತ್ತು ತಿರುಗಿ ನೋಡುತ್ತಿದೆ...’ ಮರುದಿನವೇ ಚಿಕ್ಕಪ್ಪ ತಮ್ಮ ಫೋನಿನಿಂದ ಇನ್ನೊಂದು ಕಾರ್ಡು ಮಾಡಿಸಿದರು: ‘ಕೇಳಿದವನಿಗೆ ಉತ್ತರವಿಲ್ಲ, ಓದಿದವನಿಗೆ ಕೆಲಸವಿಲ್ಲ...’ ಹತ್ತಿರದ ನೋಟವನ್ನು ಗಲ್ಲಾದ ಬಳಿ ಅವರೇ ನೋಡಿಬಿಡುತ್ತಿದ್ದರು; ಯಾರು ಬಿಡುವಾಗಿದ್ದಾರೋ ಅವರ ಕಾರ್ಡು ಗಿರಾಕಿಯ ಕೈಗೆ.

ನಾನು ಆಗಲೇ ತಡೆಯಬೇಕಿತ್ತು. ಇಬ್ಬರಿಗೂ ನೋವಾಗದಂತೆ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿರುವಷ್ಟರಲ್ಲಿ ಎರಡಕ್ಕೂ ಲ್ಯಾಮಿನೇಷನ್ ಆಗಿತ್ತು.

ಅದೇ ವಾರ ಉಡುಪು ಕಾರ್ಖಾನೆಯಿಂದ ಐವರು ಹೆಂಗಸರು ಬಂದರು. ಅಲ್ಲಿ ಅರವತ್ತು ಮಂದಿ ಹೊಲಿಯುವವರಿಗೆ ಕನ್ನಡಕ ಮಾಡಿಸಬೇಕಿತ್ತು. ಮೊದಲು ಈ ಐವರದ್ದು ಸರಿಹೋದರೆ ಉಳಿದವರೂ ನಮ್ಮಲ್ಲಿಗೆ. ಎದುರು ರಸ್ತೆಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂದ ಮೇಲೆ ನಮಗೆ ದಿನಕ್ಕೆ ನಾಲ್ಕು ಗಿರಾಕಿ ಬಂದರೆ ಹೆಚ್ಚು. ಈ ಕೆಲಸ ಕೈ ತಪ್ಪಿದರೆ ಅಂಗಡಿ ಎಷ್ಟು ದಿನ ನಡೆದೀತು ಎಂಬುದನ್ನು ನಾನು ಯಾರೊಂದಿಗೂ ಆಡಿರಲಿಲ್ಲ, ಆದರೆ ರಾತ್ರಿಯೆಲ್ಲ ನನ್ನೊಳಗೇ ಆಡಿಕೊಂಡಿದ್ದೆ.

ಕನ್ನಡಕ ಕೊಟ್ಟ ಮೂರನೆಯ ದಿನ ಒಂದು ಗಂಟೆಗೆ ಐವರೂ ವಾಪಸು ಬಂದರು. ಮುಂದೆ, ಆ ಐವರಲ್ಲೇ ಒಬ್ಬಳಾದ ಅವರ ಸೂಪರ್‌ವೈಸರ್. ಎತ್ತರದ ಹೆಂಗಸು, ಕೊರಳಲ್ಲಿ ಅಳತೆಯ ಟೇಪು. ಐದೂ ಕನ್ನಡಕಗಳನ್ನು ಗಲ್ಲಾದ ಮೇಲೆ ಸಾಲಾಗಿಟ್ಟಳು.

“ಇದನ್ನ ಹಾಕ್ಕೊಂಡ್ರೆ ನೀವು ಮೂವರೂ ಚೆನ್ನಾಗಿ ಕಾಣ್ತೀರಿ, ಸೂಜಿ ಕಣ್ಣು ಮಾತ್ರ ಕಾಣಲ್ಲ. ನಾಲ್ಕು ಗಂಟೆಗೆ ಮ್ಯಾನೇಜರ್ ಸಹಿ ಹಾಕ್ತಾರೆ. ನಿಮ್ಮ ಹೆಸರಿಗೋ, ಎದುರಿನವರ ಹೆಸರಿಗೋ, ನಾನು ಹೋಗಿ ಹೇಳ್ಬೇಕು.”

“ಲೆನ್ಸ್ ನಾನೇ ಉಜ್ಜಿದ್ದು, ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ” ಎಂದರು ಅಪ್ಪ. “ಕೂರಿಸೋದ್ರಲ್ಲಿ ಏನಾದ್ರೂ...”

“ಬಂತಪ್ಪ! ಬೆಲೆ ಏರಿದ್ರೂ ನಮ್ಮೋರದ್ದೇ ತಪ್ಪು, ಲೆನ್ಸ್ ಕೆಟ್ಟರೂ ನಮ್ಮೋರದ್ದೇ ತಪ್ಪು” ಎಂದರು ಚಿಕ್ಕಪ್ಪ.

ನಾನು ಅಳತೆಯ ಪುಸ್ತಕ ತೆಗೆದೆ. ಐವರಿಗೂ ತೀರಾ ಕಡಿಮೆ ಪವರ್ ಬರೆದಿತ್ತು. ಐವತ್ತರ ಆಸುಪಾಸಿನ ಕಣ್ಣಿಗೆ ಇಷ್ಟೇ ಸಾಕೆ? “ಇನ್ನೊಂದ್ಸಲ ನೋಡೋಣ ಅಕ್ಕ” ಎಂದು ಅಪ್ಪನ ಕಾರ್ಡನ್ನು ಅವಳ ಕೈಗಿಟ್ಟೆ.

ಸೂಪರ್‌ವೈಸರ್ ನೀರು ಕುಡಿದಂತೆ ಓದಿದಳು. ದೇಶ ಎದ್ದು ನಿಂತಿತು, ಜಗತ್ತು ತಿರುಗಿ ನೋಡಿತು, ಇರುವೆಯಂಥ ಕೊನೆಯ ಸಾಲೂ ಮುಗಿಯಿತು. ಅಪ್ಪ ಹೆಮ್ಮೆಯಿಂದ ನನ್ನತ್ತ ನೋಡಿದರು. ನಾನು ನೋಡುತ್ತಿದ್ದುದು ಅವಳ ಮೂಗನ್ನು. ಅಲ್ಲಿ ಕನ್ನಡಕವೇ ಇರಲಿಲ್ಲ.

“ಅಕ್ಕ, ಇದೆಲ್ಲ ನಿಮಗೆ ಕಾಣ್ತಾ ಇದೆಯಾ?”

“ಕಾಣೋದೇನು ಬಂತು? ನಮ್ಮ ಮನೆಯವರು ದಿನಾ ಬೆಳಿಗ್ಗೆ ಫೋನಿಗೆ ಇದನ್ನೇ ಕಳಿಸ್ತಾರೆ. ನಮ್ಮ ನಾದಿನಿ ಮಧ್ಯಾಹ್ನ ಕಳಿಸ್ತಾಳೆ. ಬಾಯಿಗೆ ಬಂದುಬಿಟ್ಟಿದೆ.”

“ಮತ್ತೆ ನೀವು?” ಎಂದು ಹಿಂದೆ ನಿಂತಿದ್ದ, ಗುಂಡಿಯ ಕಾಜಾ ಹೊಲಿಯುವವಳನ್ನು ಕೇಳಿದೆ. ಅವಳಿಗೆ ಸಿಕ್ಕಿದ್ದು ಚಿಕ್ಕಪ್ಪನ ಕಾರ್ಡು.

“ಎರಡನೇ ಸಾಲಿಗೇ ನಂಗೆ ಮೈ ಉರೀತು. ಕಾಣುತ್ತಾ ಅಂದ್ರು, ಹೂಂ ಎಲ್ಲ ಕಾಣುತ್ತೆ ತಗೊಳ್ಳಿ ಅಂತ ವಾಪಸ್ ಕೊಟ್ಟೆ.”

ಅಪ್ಪ ನೆಲ ನೋಡಿದರು. ಚಿಕ್ಕಪ್ಪ ಚಾವಣಿ ನೋಡಿದರು. ಗೋಡೆ ಗಡಿಯಾರದಲ್ಲಿ ಒಂದೂಕಾಲು.

“ಯಾರಿಗೂ ಗೊತ್ತಿಲ್ಲದ ಬರಹ ಬೇಕು, ಈಗಲೇ” ಎಂದೆ.

“ಎಐ ಇದೆಯಲ್ಲ ಪುಟ್ಟಿ!” ಚಿಕ್ಕಪ್ಪ ಫೋನ್ ಎತ್ತಿದರು. ಯಾರ ಪರವೂ ಅಲ್ಲದ, ಯಾರಿಗೂ ಬೇಸರವಾಗದ ಐದು ಸಾಲು ಬರೆ ಎಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಬಿಲ್ಲಿನ ಯಂತ್ರದಲ್ಲಿ ಹೇಗೋ ಅಚ್ಚು ಹಾಕಿ ಸೂಪರ್‌ವೈಸರ್‌ಗೆ ಕೊಟ್ಟೆ.

“ಮುಂಜಾನೆ ಸೂರ್ಯ ಪೂರ್ವದಲ್ಲಿ...” ಎಂದು ಅವಳು ತೋಳು ಚಾಚಿ, ಕಣ್ಣು ಕಿರಿದು ಮಾಡಿದಳು. “ಹುಟ್ಟುತ್ತಾನೆ. ಹಕ್ಕಿಗಳು ಚಿಲಿಪಿಲಿ... ಗುಟ್ಟುತ್ತವೆ. ಅಲ್ವಾ?”

“ಓದಿದ್ರಾ, ಊಹಿಸಿದ್ರಾ?”

“ಅರ್ಧ ಓದಿದೆ. ಮಿಕ್ಕಿದ್ದಕ್ಕೆ ಕಣ್ಣು ಯಾಕೆ ಬೇಕು? ಸೂರ್ಯ ಇನ್ನೆಲ್ಲಿಗೆ ಹೋಗ್ತಾನೆ?”

ಗಂಟೆ ಒಂದೂವರೆ. ನನ್ನ ಸಹನೆಯೂ ಅಲ್ಲಿಗೆ ಮುಗಿಯಿತು. ಒಂದು ಕಾಗದ ತೆಗೆದು ಗಲ್ಲಾದ ಮೇಲೆ ಬಡಿದೆ. “ಅಪ್ಪ, ಒಂದು ಪದ ಹೇಳಿ. ಆಮೇಲೆ ಚಿಕ್ಕಪ್ಪ ಒಂದು. ರಾಜಕೀಯ ಬಂದ್ರೆ ಇಬ್ಬರನ್ನೂ ಹೊರಗೆ ನಿಲ್ಲಿಸ್ತೀನಿ.”

ಜೀವನದಲ್ಲಿ ಮೊದಲ ಬಾರಿ ಅವರಿಬ್ಬರ ಮೇಲೆ ದನಿ ಎತ್ತಿದ್ದೆ. ಇಬ್ಬರೂ ಶಾಲೆಯ ಮಕ್ಕಳಂತೆ ನೆಟ್ಟಗೆ ನಿಂತರು.

“ಬೆಕ್ಕು” ಎಂದರು ಅಪ್ಪ.

ಚಿಕ್ಕಪ್ಪ ಅನುಮಾನದಿಂದ ಅಣ್ಣನ ಮುಖ ನೋಡಿದರು. “ಯಾರನ್ನ ಅಂದಿದ್ದು?”

“ಬೆಕ್ಕನ್ನ ಕಣೋ!”

“ಹಾಗಾದ್ರೆ... ರೈಲಿನಲ್ಲಿ.”

“ಮಾವನ.”

“ಹಲ್ಲುಸೆಟ್ಟು.”

“ಇಸ್ತ್ರಿ ಮಾಡಿತು!” ಎಂದರು ಅಪ್ಪ, ತಮ್ಮನ ಬೆನ್ನಿಗೆ ಗುದ್ದಿ.

ಅಣ್ಣ ತಮ್ಮ ಒಂದೇ ವಾಕ್ಯಕ್ಕೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಐದು ನಿಮಿಷದಲ್ಲಿ ಕುಂಬಳಕಾಯಿ ಬ್ಯಾಂಕಿಗೆ ರಜೆ ಬರೆಯಿತು, ಏಣಿಗೆ ನೆಗಡಿಯಾಯಿತು, ಒಂದು ಗುಂಡಿ ತನ್ನ ಅತ್ತೆಯನ್ನು ಹುಡುಕಿಕೊಂಡು ಈರುಳ್ಳಿಯೊಳಗೆ ಹೋಯಿತು. ಕೊನೆಯದನ್ನು ಇರುವೆಯ ಅಕ್ಷರದಲ್ಲಿ ಅಚ್ಚು ಹಾಕಿದೆ.

ಪರೀಕ್ಷೆಯ ಫ್ರೇಮ್ ಹಾಕಿಕೊಂಡು ಸೂಪರ್‌ವೈಸರ್ ಈ ಸಲ ನಿಜವಾಗಿ ತಡವರಿಸಿದಳು. ನಾನು ಲೆನ್ಸ್ ಬದಲಿಸಿದೆ. ಮತ್ತೆ ಬದಲಿಸಿದೆ. ಮೂರನೆಯದಕ್ಕೆ ಅವಳ ಹುಬ್ಬು ಸಡಿಲವಾಯಿತು. “ಗುಂಡಿ... ತನ್ನ ಅತ್ತೆಯನ್ನು... ಈರುಳ್ಳಿಯೊಳಗೆ? ಇದೇನಮ್ಮ ಇದು!” ನಗುತ್ತ ನಗುತ್ತ ಅವಳು ಫ್ರೇಮನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಮಿಕ್ಕವರು ತಮಗೂ ಓದಲು ಕೊಡಿ ಎಂದು ಮುಗಿಬಿದ್ದರು. ಆ ಸಾಲು ಎಲ್ಲರ ಕಿವಿಗೂ ಬಿದ್ದಿದ್ದರಿಂದ ಕೊನೆಗೆ ಹೊಸದೊಂದು ಸಾಲು ಅಚ್ಚು ಹಾಕಿ, ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕಿದೆ, ಒಬ್ಬರು ಓದಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು.

ಮೂರೂವರೆಯವರೆಗೆ ಅಪ್ಪ ಯಂತ್ರದಿಂದ ತಲೆ ಎತ್ತಲಿಲ್ಲ. ಅವರು ಉಜ್ಜಿ ಕೊಟ್ಟ ಲೆನ್ಸನ್ನು ಚಿಕ್ಕಪ್ಪ ಆ ಬಿಸಿಯಲ್ಲೇ ಕೂರಿಸಿದರು. ಅಷ್ಟು ಹೊತ್ತು ಸರ್ಕಾರದ ಸುದ್ದಿಯನ್ನೇ ಯಾರೂ ಎತ್ತಲಿಲ್ಲ.

ಸೂಪರ್‌ವೈಸರ್ ಹೊಸ ಕನ್ನಡಕ ಹಾಕಿಕೊಂಡು, ತನ್ನ ಚೀಲದಿಂದ ಸೂಜಿ ತೆಗೆದು, ಒಂದೇ ಸಲಕ್ಕೆ ದಾರ ಪೋಣಿಸಿದಳು.

“ಸೋಮವಾರದಿಂದ ದಿನಕ್ಕೆ ಹನ್ನೆರಡು ಜನ ಕಳಿಸ್ತೀನಿ, ಆಗುತ್ತಾ?” ಎಂದಳು. ಹೊರಟವಳು ತಿರುಗಿ, ಗಲ್ಲಾದ ಮೇಲಿದ್ದ ಕಾರ್ಡಿನತ್ತ ಫೋನ್ ಹಿಡಿದಳು. ಬೇಡ ಅಕ್ಕ ಎನ್ನುವಷ್ಟರಲ್ಲಿ ಕ್ಲಿಕ್ ಎಂದಿತು. “ನಮ್ಮ ಹೊಲಿಗೆ ಲೈನಿನ ಗ್ರೂಪಿಗೆ ಹಾಕ್ದೆ. ನಗಲಿ ಪಾಪ, ಬೆಳಿಗ್ಗೆಯಿಂದ ಕೂತು ಹೊಲೀತಾ ಇದಾರೆ.”

ಅವಳು ಹೋದ ಮೇಲೆ ಮೂವರೂ ಮುಖ ಮುಖ ನೋಡಿಕೊಂಡೆವು. ಸೋಮವಾರದೊಳಗೆ ಅರವತ್ತು ಮಂದಿಗೂ ಆ ಬೆಕ್ಕು ಬಾಯಿಪಾಠ.

ಚಿಕ್ಕಪ್ಪ ಹೊಸ ಕಾಗದ ತೆಗೆದರು. ಅಪ್ಪ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

“ಮೊದಲು ನೀನು ಹೇಳು” ಎಂದರು ಅಪ್ಪ.

“ಕುರ್ಚಿ.”

“ನೋಡಿದ್ಯಾ ಪುಟ್ಟಿ, ಶುರು ಮಾಡ್ದ!”